ಇಗರ್ಜಿಯ ಹಿಂದಿನ ಕೋಣೆ

ನಾನು ಕುಡುಕನಲ್ಲ ಎನ್ನಲು ನನ್ನ ಹತ್ತಿರ ಗಟ್ಟಿ ಸಾಕ್ಷಿ ಇತ್ತು: ರಂಝಾನ್. ಆ ಒಂದು ತಿಂಗಳು ನಾನು ತೊಟ್ಟೂ ಮುಟ್ಟುತ್ತಿರಲಿಲ್ಲ. ಹಾಗೆ ಬಿಡಬಲ್ಲವನು ಕುಡುಕ ಹೇಗಾದಾನು ಎಂದು ನನ್ನೊಂದಿಗೆ ನಾನೇ ವಾದಿಸಿ ಗೆಲ್ಲುತ್ತಿದ್ದೆ. ಪೆರ್ನಾಲ್ ಕಳೆದ ಮೂರನೇ ದಿನ ತಲಪಾಡಿ ದಾಟಿ ಹೋಗುತ್ತಿದ್ದ ವಿಷಯ ಆ ವಾದದಲ್ಲಿ ಬರುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ, ಎರಡನೇ ನೋಂಬಿನ ದಿನ, ಆ ಸಾಕ್ಷಿ ಬಿದ್ದುಹೋಯಿತು. ಉಪ್ಪಳದ ನಮ್ಮ ಅಂಗಡಿಯಲ್ಲಿ ಇಫ್ತಾರ್‌ಗೆ ಮೊದಲಿನ ರಷ್. ಖರ್ಜೂರ ತೂಗುತ್ತಿದ್ದೆ. ಕೈ ಎಷ್ಟು ನಡುಗಿತೆಂದರೆ ತಕ್ಕಡಿಯ ಅಂಕೆ ಒಂದು ಕಡೆ ನಿಲ್ಲಲೇ ಇಲ್ಲ. "ಪಾಪ, ನೋಂಬಿನ ಸುಸ್ತು" ಎಂದರು ಗಿರಾಕಿ. ಉಪ್ಪ ಏನೂ ಹೇಳದೆ ನನ್ನ ಕೈಯಿಂದ ತೊಟ್ಟೆ ತೆಗೆದುಕೊಂಡು ತಾವೇ ತೂಗಿದರು.

ಆ ರಾತ್ರಿ ತರಾವೀಹ್‌ಗೆಂದು ಹೊರಟವನು ಪಳ್ಳಿಗೆ ಹೋಗಲಿಲ್ಲ. ಸ್ಕೂಟರಿನ ಡಿಕ್ಕಿಯಲ್ಲಿದ್ದದ್ದನ್ನು ಕುಡಿದೆ. ಐದು ನಿಮಿಷದಲ್ಲಿ ನಡುಕ ನಿಂತಿತು. ನನಗೆ ನಿಜವಾಗಿ ಹೆದರಿಕೆಯಾದದ್ದು ಅದು ನಿಂತಾಗ.

ಮಂಗಳೂರಿನಲ್ಲಿ ಒಬ್ಬ ಡಾಕ್ಟರನ್ನು ಕಂಡೆ. ನನ್ನ ಹಾಗೆ ದಿನಾ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಎಂದು ಆಗಲೇ ಗೊತ್ತಾದದ್ದು. ಇದನ್ನು ಓದುವವರ ಮನೆಯಲ್ಲಿ ಯಾರಾದರೂ ಇದ್ದರೆ ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ, ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮದ್ದು ಬರೆದುಕೊಟ್ಟು ಅವರು ಕೇಳಿದರು: "ಇದು ಕೆಲವು ದಿನಕ್ಕೆ. ಆಮೇಲೆ ಎಂತ ಮಾಡ್ತೀರಿ?" ನನ್ನಲ್ಲಿ ಉತ್ತರ ಇರಲಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂದು ಚೀಟಿಯ ಹಿಂದೆ ಬರೆದರು. ಆ ಚೀಟಿ ಪರ್ಸಿನಲ್ಲಿ ಐದು ತಿಂಗಳು ಇತ್ತು.

ಬಾರ್ ಹುಡುಕಲು ನನಗೆ ಯಾವತ್ತೂ ಐದು ತಿಂಗಳು ಬೇಕಾಗಿರಲಿಲ್ಲ. ಒಂದನೇ ತಾರೀಕಿಗೆ ಕೇರಳದಲ್ಲಿ ಡ್ರೈ ಡೇ ಎಂದರೆ ಗಡಿಯಾಚೆ ಯಾವ ಅಂಗಡಿ ಬೆಳಿಗ್ಗೆ ಬೇಗ ತೆರೆಯುತ್ತದೆಂದು ಬಾಯಿಪಾಠ ಇತ್ತು. ಕುಡಿದದ್ದು ಗೊತ್ತಾದರೂ ಸುಳ್ಳು ಹೇಳಿ ದಾಟಿಸಬಹುದು. ಕುಡಿತ ಬಿಡುವವರ ಸಭೆಗೆ ಹೋದದ್ದು ಗೊತ್ತಾದರೆ ಯಾವ ಸುಳ್ಳು ಹೇಳುವುದು? ಬ್ಯಾರಿಗಳು ಕುಡಿಯುವುದಿಲ್ಲ ಎಂದು ನಾವು ಎಲ್ಲರೆದುರು ಹೇಳುತ್ತೇವೆ. ಹಾಗಾಗಿ ಕುಡಿಯುವವನಿಗೆ ಬಾಯಿಬಿಡಲು ಊರಲ್ಲಿ ಜಾಗವೇ ಇಲ್ಲ. ಬಿಡಲೂ ನಾನು ತಲಪಾಡಿ ದಾಟಿಯೇ ಹೋದೆ, ಗುರುತಿನವರಿಲ್ಲದ ಊರು ಬೇಕಿತ್ತು.

ನೆಟ್‌ನಲ್ಲಿ ಸಿಕ್ಕಿದ ನಂಬರಿಗೆ ಮೂರು ಸಲ ಫೋನ್ ಮಾಡಿ ಕಟ್ ಮಾಡಿದೆ. ನಾಲ್ಕನೇ ಸಲ ಆ ಕಡೆಯವರು ಹೆಸರು, ಜಾತಿ, ಊರು ಏನೂ ಕೇಳಲಿಲ್ಲ. "ಕುಡಿಯುವುದು ಬಿಡಬೇಕು ಅಂತ ಉಂಟಾ?" ಅಷ್ಟೇ. ಉಂಟು ಎಂದೆ. ಸೇರಲು ಅದೊಂದೇ ಅರ್ಹತೆಯಂತೆ.

ಶನಿವಾರ ಸಂಜೆ ರೈಲಿನಲ್ಲಿ ಹೋದೆ. ಜಾಗ ಒಂದು ಇಗರ್ಜಿಯ ಹಿಂದಿನ ಕೋಣೆ. ಗೇಟಿನ ಎದುರು ಎರಡು ಸಲ ಹಾದುಹೋದೆ, ಟೋಪಿಯನ್ನು ಕಿಸೆಯೊಳಗೆ ಹಾಕಿಕೊಂಡೆ. ಒಳಗೆ ಹದಿನೈದು ಕುರ್ಚಿ, ಚಹಾ, ಬಿಸ್ಕತ್ತು. ಹಾಜರಿ ಪುಸ್ತಕ ಇಲ್ಲ, ಫೀಸು ಇಲ್ಲ. ಕೊನೆಗೆ ಒಂದು ಚೀಲ ಸುತ್ತಿ ಬರುತ್ತದೆ, ಹಾಕುವವರು ಹಾಕಬಹುದು. ಉಪದೇಶ ಮಾಡುವವರು ಯಾರೂ ಇರಲಿಲ್ಲ. ಒಬ್ಬೊಬ್ಬರು ಕನ್ನಡ, ತುಳು, ಕೊಂಕಣಿ ಬಂದಂತೆ ಬೆರೆಸಿ ತಮ್ಮದನ್ನು ಹೇಳುತ್ತಾರೆ, ಉಳಿದವರು ನಡುವೆ ಬಾಯಿ ಹಾಕುವುದಿಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಎಂಬಲ್ಲಿ ಒಬ್ಬ ಷೇರು ದಲ್ಲಾಳಿಯೂ ಒಬ್ಬ ಡಾಕ್ಟರೂ, ಇಬ್ಬರು ಕುಡುಕರೇ, ಹೀಗೆ ಎದುರುಬದುರು ಕೂತು ಮಾತಾಡಿದ್ದರಿಂದ ಇದು ಶುರುವಾದದ್ದಂತೆ.

ಅಲ್ಲಿ ನನಗೆ ಮದುವೆಮನೆಗಳಲ್ಲಿ ನೋಡಿದ್ದ ಒಂದು ಮುಖ ಕಂಡಿತು. ಎದ್ದು ಓಡೋಣ ಅನ್ನಿಸಿತು. ಅವರು ಮೆಲ್ಲಗೆ ಸಲಾಂ ಹೇಳಿ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಬ್ಯಾಗು ತೆಗೆದರು. ಅವರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಹಾಗಿಲ್ಲ. ಅಲ್ಲಿ ಕಂಡದ್ದು ಅಲ್ಲಿಗೇ.

ಕೊನೆಗೆ ಎಲ್ಲರೂ ಎದ್ದು ಸಣ್ಣ ಪ್ರಾರ್ಥನೆ ಹೇಳುತ್ತಾರೆ. ನನಗೆ ಕಸಿವಿಸಿಯಾಯಿತು. ಅವರವರು ನಂಬಿದ ದೇವರು ಎಂದು ಅಲ್ಲಿನ ಹನ್ನೆರಡು ಹೆಜ್ಜೆಗಳಲ್ಲೇ ಇದೆ, ಯಾರೂ ಬಲವಂತ ಮಾಡುವುದಿಲ್ಲ. ನಾನು ಮನಸ್ಸಿನಲ್ಲೇ ನನ್ನ ದುವಾ ಮಾಡಿದೆ. ಈಗ ಹತ್ತಿರದ ಪಳ್ಳಿಯಲ್ಲಿ ಮಗ್ರಿಬ್ ಮುಗಿಸಿಯೇ ಅಲ್ಲಿಗೆ ಹೋಗುತ್ತೇನೆ.

ಮೊದಲ ದಿನ ಬಾಯಿ ಬಿಡಲಿಲ್ಲ. ಎರಡು ವಾರ ಹೋಗಲಿಲ್ಲ. ಮೂರನೇ ತಿಂಗಳು ಒಂದು ಮದುವೆಯ ರಾತ್ರಿ ಜಾರಿದೆ. ಮರುವಾರ ಹೋಗಿ ಅದನ್ನೇ ಹೇಳಿದೆ. ಯಾರೂ ಮುಖ ಸಿಂಡರಿಸಲಿಲ್ಲ, ಚಹಾ ಕೊಟ್ಟರು.

ಹನ್ನೆರಡು ಹೆಜ್ಜೆಗಳಲ್ಲಿ ಎಂಟನೆಯದು, ನಮ್ಮಿಂದ ಹಾನಿಯಾದವರ ಪಟ್ಟಿ ಮಾಡುವುದು. ಅಂಗಡಿಯವನ ಮಗನಿಗೆ ಇದು ಸುಲಭ ಅಂದುಕೊಂಡಿದ್ದೆ, ಸಾಲದ ಪುಸ್ತಕ ನೋಡಿಯೇ ಬೆಳೆದವನು. ಮೊದಲ ಹೆಸರೇ ಉಪ್ಪನದು. ಒಂದು ರಾತ್ರಿ ಶಟರ್ ಎಳೆದ ಮೇಲೆ ಹೇಳಿದೆ: "ಉಪ್ಪ, ಗಲ್ಲಾಪೆಟ್ಟಿಗೆಯಿಂದ ನಾನು ಹಣ ತೆಗೀತಿದ್ದೆ. ಕುಡಿಯಲಿಕ್ಕೆ."

ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತುಂಟು ಮೋನೇ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಉಮ್ಮನಿಗೂ ಗೊತ್ತುಂಟು."

ಎಷ್ಟೆಂದು ಅವರು ಕೇಳಲಿಲ್ಲ. ತಿಂಗಳಿಗೆ ಇಷ್ಟು ಎಂದು ನಾನೇ ತಿರುಗಿ ಹಾಕುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ಇಗರ್ಜಿಯ ಬಗ್ಗೆ, ಸಭೆಯ ಬಗ್ಗೆ ಅವರು ಈವರೆಗೆ ಒಂದು ಮಾತೂ ಎತ್ತಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ ನಾನು ಇನ್ನೂ ಅಂಗಡಿಯಲ್ಲೇ ಕೂತಿದ್ದರೆ ಮಾತ್ರ ಗೋಡೆಯ ಗಡಿಯಾರ ನೋಡಿ, "ನಿನಗೆ ರೈಲು ಇಲ್ಲವಾ ಇವತ್ತು?" ಎನ್ನುತ್ತಾರೆ.