ಚೊಂಬು, ಗಮ್ ಬೂಟು, ಎಲ್ಟನ್ ಜಾನ್

ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವಕ್ಕೆ ಹೊರಟವರು ಮೊದಲು ತಿಳಿಯಬೇಕಾದದ್ದು, ಅದು ಗ್ಲಾಸ್ಟನ್‌ಬರಿಯಲ್ಲಿ ನಡೆಯುವುದಿಲ್ಲ ಎಂಬುದು. ಆ ಹೆಸರಿನ ಪೇಟೆಯಲ್ಲಿ ಇಳಿದು ‘ಹಾಡು ಎಲ್ಲಿ?’ ಎಂದು ಕೇಳಿದರೆ ಜನ ಪೂರ್ವದ ಕಡೆ ಕೈ ತೋರಿಸುತ್ತಾರೆ. ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಸಾಮರ್‌ಸೆಟ್ ಸೀಮೆಯ ಪಿಲ್ಟನ್ ಎಂಬ ಹಳ್ಳಿ, ಅಲ್ಲಿ ವರ್ದಿ ಫಾರ್ಮ್ ಎಂಬ ಹೈನುಗಾರರ ಹೊಲ. ವರ್ಷವಿಡೀ ಅಲ್ಲಿರುವುದು ಹುಲ್ಲು ಮತ್ತು ಹಸು. ಜೂನ್ ಕೊನೆಯ ವಾರ ಮಾತ್ರ ಎರಡು ಲಕ್ಷ ದಾಟಿ ಜನ ಬಂದು ಬೀಳುತ್ತಾರೆ. ಆಗ ಹಸುಗಳು ಸೂರಿನ ಕೆಳಗೆ ಬೆಚ್ಚಗೆ ಮಲಗುತ್ತವೆ, ಮನುಷ್ಯರು ಬಯಲಿನಲ್ಲಿ ನಡುಗುತ್ತಾರೆ. ಈ ಏರ್ಪಾಡಿಗೆ ಮನುಷ್ಯರೇ ದುಡ್ಡು ಕೊಡುತ್ತಾರೆ.

ಇದನ್ನೆಲ್ಲ ಬರೆಯಲು ಕಾರಣ ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗಳು. “ಅತ್ತೆ, 2027ಕ್ಕೆ ನಾವು ಫ್ರೆಂಡ್ಸೆಲ್ಲ ಗ್ಲಾಸ್ಟನ್‌ಬರಿಗೆ ಬರೋಣ ಅಂತಿದೀವಿ. ಏನೇನು ತರ್ಬೇಕು, ಒಂದು ಲಿಸ್ಟ್ ಕಳ್ಸಿ” ಎಂದು ಫೋನ್ ಮಾಡಿದಳು. ನಾವಿರುವ ಬ್ರಿಸ್ಟಲಿನಿಂದ ಆ ಹೊಲ ಗಂಟೆಯ ದಾರಿ. ಮಗಳ ಜೊತೆ ಹೋಗಿ ಬಂದ ಮೇಲೆ ನೆಂಟರ ಪೈಕಿ ಈ ವಿಷಯದಲ್ಲಿ ನಾನೇ ತಜ್ಞೆ. ಆದರೆ ಇಪ್ಪತ್ತೆರಡರ ಹುಡುಗಿಗೆ ಪಟ್ಟಿ ಯಾಕೆ? ಆ ವಯಸ್ಸಿನವರು ಬ್ಯಾಗನ್ನೇ ದಿಂಬು ಮಾಡಿಕೊಂಡು ಜಲ್ಲಿಯ ಮೇಲೂ ನಿದ್ದೆ ತೆಗೆಯುತ್ತಾರೆ. ಪಟ್ಟಿ ಬೇಕಾದದ್ದು ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗುವ ನಮ್ಮಂಥವರಿಗೆ. ಅವಳ ನೆಪದಲ್ಲಿ ನನ್ನ ಓರಗೆಯವರಿಗೂ ಇದು ತಲುಪಲಿ.

ಸ್ವಲ್ಪ ಪೂರ್ವಕಥೆ. ಮೈಕೆಲ್ ಈವಿಸ್ ಎಂಬ ಹಾಲಿನ ರೈತ 1970ರಲ್ಲಿ ಹತ್ತಿರದ ಶೆಪ್ಟನ್ ಮ್ಯಾಲೆಟ್ ಊರಿನಲ್ಲಿ ನಡೆದ ಬಾತ್ ಉತ್ಸವದಲ್ಲಿ ಲೆಡ್ ಝೆಪೆಲಿನ್ ತಂಡವನ್ನು ಕೇಳಿ ಬಂದವನು, ತನ್ನ ಹೊಲದಲ್ಲೂ ಇಂಥದ್ದೊಂದು ಆಗಬೇಕೆಂದು ಹಟ ಹಿಡಿದ. ಅದೇ ವರ್ಷ ಸೆಪ್ಟೆಂಬರ್ 19ಕ್ಕೆ ಮೊದಲ ಜಾತ್ರೆ. ಹಿಂದಿನ ದಿನವಷ್ಟೇ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತೀರಿಕೊಂಡಿದ್ದ. ಬರಬೇಕಿದ್ದ ಕಿಂಕ್ಸ್ ತಂಡ ಬರಲಿಲ್ಲ, ಮಾರ್ಕ್ ಬೋಲನ್‌ನ ತಂಡ ಬಂದು ಮಾನ ಉಳಿಸಿತು. ಟಿಕೆಟ್ಟು ಒಂದು ಪೌಂಡ್, ಜೊತೆಗೆ ಹೊಲದ ಹಾಲು ಬಿಟ್ಟಿ. ಸೇರಿದವರು ಸಾವಿರದೈನೂರು ಮಂದಿ. ಆ ರೈತನಿಗೆ ಈಗ ಸರ್ ಪದವಿ ಬಂದಿದೆ, ಉಸ್ತುವಾರಿ ಮಗಳು ಎಮಿಲಿಯದು. 2025ರಲ್ಲಿ ಟಿಕೆಟ್ಟಿಗೆ 373.50 ಪೌಂಡ್, ಮೇಲೆ ಬುಕಿಂಗ್ ಶುಲ್ಕ ಐದು. ಹಾಲಿನ ಮಾತೇ ಇಲ್ಲ.

ಅಮೆರಿಕದಲ್ಲಿ 1969ರ ವುಡ್‌ಸ್ಟಾಕ್ ನಡೆದದ್ದೂ ಮ್ಯಾಕ್ಸ್ ಯಾಸ್ಗರ್ ಎಂಬ ಹೈನುಗಾರನ ಹೊಲದಲ್ಲೇ. ಹಾಲು ಕರೆಯುವವರಿಗೂ ಗಿಟಾರಿನವರಿಗೂ ಅದೇನು ಋಣಾನುಬಂಧವೋ! ಅಲ್ಲಿ ಮಳೆಯಲ್ಲಿ ಸಿತಾರ್ ನುಡಿಸಿದ ರವಿಶಂಕರರಿಗೆ ಎದುರಿನ ಕೆಸರಲ್ಲಿ ಕೂತ ಶ್ರೋತೃಗಳನ್ನು ಕಂಡು ನಮ್ಮೂರ ಕಡೆಯ ಎಮ್ಮೆಗಳು ನೆನಪಾದವಂತೆ. ಹೊರಡುವ ಮೊದಲು ಈ ಮಾತನ್ನು ಒಮ್ಮೆ ಮೆಲುಕು ಹಾಕಿ.

ಈಗ ಟೆಂಟು. ಅಂಗಡಿಯವನು ‘ಮೂವರ ಟೆಂಟ್’ ಎಂದರೆ ಇಬ್ಬರು ಮನುಷ್ಯರು, ಒಂದು ಬ್ಯಾಗು ಎಂದು ತಿಳಿಯಿರಿ. ಅದನ್ನು ಮನೆಯ ಹಿತ್ತಲಲ್ಲಿ ಒಮ್ಮೆ ಕಟ್ಟಿ ಬಿಚ್ಚಬೇಕು, ಅದೂ ಗಂಡ ಹೆಂಡತಿ ಕೂಡಿ. ಆ ಹೊತ್ತಿನಲ್ಲಿ ಆಗಬೇಕಾದ ಜಗಳವೆಲ್ಲ ಹಿತ್ತಲಲ್ಲೇ ಆಗಿಹೋದರೆ ಹೊಲದಲ್ಲಿ ಸಮಯ ಉಳಿಯುತ್ತದೆ. ಬುಧವಾರ ಬೆಳಿಗ್ಗೆಯೇ ಗೇಟು ತೆರೆಯುತ್ತದೆ, ದೊಡ್ಡ ವೇದಿಕೆಗಳಲ್ಲಿ ಹಾಡು ಶುರುವಾಗುವುದು ಶುಕ್ರವಾರ. ‘ಎರಡು ದಿನ ಅಲ್ಲಿ ಕೂತು ಏನು ಮಾಡೋದು?’ ಎಂದು ಕೇಳಬೇಡಿ. ಒಳ್ಳೆಯ ಜಾಗವೆಲ್ಲ ಬುಧವಾರ ಮಧ್ಯಾಹ್ನದೊಳಗೆ ಮುಗಿದುಹೋಗುತ್ತದೆ.

ಇಳಿಜಾರಿನ ಬುಡ ಬೇಡವೇ ಬೇಡ. 2005ರಲ್ಲಿ ಗುಡುಗು ಮಳೆ ಬಂದಾಗ ತಗ್ಗಿನ ಟೆಂಟುಗಳು ಕೆಸರು ನೀರಿನಲ್ಲಿ ಮುಳುಗಿದವು. ಹೀಗಾಗುತ್ತದೆಂದು ಬೇಸಾಯದ ಮನೆಯಿಂದ ಬಂದ ಯಾರಾದರೂ ಆ ಜಾಗ ನೋಡಿದೊಡನೆ ಹೇಳುತ್ತಿದ್ದರು. ದಾರಿಯ ಪಕ್ಕವೂ ಬೇಡ, ರಾತ್ರಿ ಎರಡು ಗಂಟೆಗೆ ತೂರಾಡಿಕೊಂಡು ಬರುವವರಿಗೆಲ್ಲ ನಿಮ್ಮ ಟೆಂಟಿನ ಹಗ್ಗವೇ ಕಾಲಿಗೆ ತೊಡರುತ್ತದೆ. ಪಾಯಿಖಾನೆಗೆ ತೀರ ಹತ್ತಿರ ಬೇಡ, ಕಾರಣ ಮೂಗಿಗೆ ಗೊತ್ತು. ತೀರ ದೂರವೂ ಬೇಡ, ಕಾರಣ ಐವತ್ತು ದಾಟಿದವರಿಗೆ ಗೊತ್ತು.

ಟೆಂಟು ಕಟ್ಟಿದ ಕೂಡಲೇ ಅದಕ್ಕೊಂದು ಗುರುತು ಮಾಡಿ. ಬೆಳಿಗ್ಗೆ ಹಸಿರು ಟೆಂಟು ನಿಮ್ಮದೊಂದೇ ಇರುತ್ತದೆ, ಸಂಜೆ ಹೊತ್ತಿಗೆ ಕಣ್ಣು ಹಾಯಿಸಿದಷ್ಟೂ ಹಸಿರು ಟೆಂಟೇ. ಅಲ್ಲಿ ಬಾವುಟ ಏರಿಸುವುದು ಎಲ್ಲರ ರೂಢಿ. ಮಗಳು ಬಿದಿರಿನ ಕೋಲಿಗೆ ನನ್ನ ಹಳೆಯ ಇಳಕಲ್ ಸೀರೆಯ ಸೆರಗು ಕಟ್ಟಿದಳು. ಕೆಂಪು ಟೋಪಿ ತೆನೆಯ ಆ ಸೆರಗು ಸಾಮರ್‌ಸೆಟ್ಟಿನ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದರೆ ಅರ್ಧ ಕಿಲೋಮೀಟರಿನಿಂದಲೇ ನನ್ನ ಮನೆ ನನಗೆ ಕಾಣುತ್ತಿತ್ತು. ಮಾರನೆಯ ದಿನ ಯಾರೋ ಟೆಂಟಿನ ಹೊರಗೆ ನಿಂತು “ಯಾರ್ರೀ ಒಳಗ? ಹುಬ್ಬಳ್ಳಿಯವರೇನು?” ಎಂದು ಕೂಗಿದರು. ಧಾರವಾಡದ ದಂಪತಿ, ಲೆಸ್ಟರಿನಲ್ಲಿ ಇರುವವರು. ಅವರಿಂದ ಒಂದು ಡಬ್ಬಿ ಶೇಂಗಾ ಚಟ್ನಿ ಬಂತು, ನಮ್ಮಿಂದ ಕೋಡುಬಳೆ ಹೋಯಿತು. ಗೂಗಲ್ ಮ್ಯಾಪು ಇಂಥ ಕೆಲಸ ಮಾಡುವುದಿಲ್ಲ.

ಚಳಿ ಮೇಲಿನಿಂದ ಬರುತ್ತದೆಂದು ಎಲ್ಲರೂ ಎರಡೆರಡು ಕಂಬಳಿ ಹೊರುತ್ತಾರೆ. ಇಂಗ್ಲೆಂಡಿನ ಚಳಿ ಬರುವುದು ನೆಲದಿಂದ. ಕೆಳಗೆ ಹಾಸಲು ದಪ್ಪ ಮ್ಯಾಟು ಇಲ್ಲದಿದ್ದರೆ ಎಷ್ಟು ಹೊದ್ದರೂ ಬೆನ್ನು ಮಂಜುಗಡ್ಡೆ. ನಮ್ಮ ಮಂಕಿ ಕ್ಯಾಪನ್ನು ಮಗಳು ಮೊದಲು ಒಪ್ಪಲಿಲ್ಲ, “ಅಮ್ಮ, ಪ್ಲೀಸ್, ಯಾರಾದ್ರೂ ನೋಡ್ತಾರೆ” ಎಂದಳು. ನಡುರಾತ್ರಿ ನನ್ನ ತಲೆಯಿಂದ ಅದು ಮಾಯವಾಯಿತು, ಬೆಳಿಗ್ಗೆ ಅವಳ ತಲೆಯ ಮೇಲಿತ್ತು. ಆದರೆ ಈ ಸುಖ ಐದು ಗಂಟೆಯವರೆಗೆ ಮಾತ್ರ. ಜೂನ್ ತಿಂಗಳ ಸೂರ್ಯ ಅಲ್ಲಿ ಐದಕ್ಕೇ ಹುಟ್ಟುತ್ತಾನೆ, ಬಿಸಿಲಿನ ವರ್ಷವಾದರೆ ಎಂಟರ ಹೊತ್ತಿಗೆ ಟೆಂಟಿನೊಳಗೆ ಕೂತವರು ಬೆಂದೇ ಹೋಗುತ್ತಾರೆ. ಕಣ್ಣುಪಟ್ಟಿ, ಕಿವಿಗೆ ಬಿರಡೆ ಎರಡೂ ಇರಲಿ. ಪಕ್ಕದ ಟೆಂಟಿನ ಹುಡುಗರು ಮಾತು ಮುಗಿಸುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಅವರಿಗೆ ಬೈಯಬೇಡಿ. ಉಡುಪಿಯ ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಬೆಳಗಿನವರೆಗೆ ಬಯಲಾಟ ನೋಡುತ್ತಿದ್ದಾಗ ನಾವೂ ಹಿಂದಿನ ಸಾಲಿನ ಅಜ್ಜಿಯರಿಗೆ ಹೀಗೇ ಕಂಡಿರಬೇಕು.

ಇನ್ನು ಯಾರೂ ಬಾಯಿಬಿಟ್ಟು ಕೇಳದ, ಎಲ್ಲರಿಗೂ ಬೇಕಾದ ವಿಷಯ. ಅಲ್ಲಿಯ ಪಾಯಿಖಾನೆಗಳಲ್ಲಿ ಎರಡು ಬಗೆ. ಒಂದರಲ್ಲಿ ಕೆಳಗೆ ಆಳವಾದ ಗುಂಡಿ, ಮೇಲೆ ಆಕಾಶ, ಸುತ್ತ ತಗಡು. ಇನ್ನೊಂದರಲ್ಲಿ ಕೂತೆದ್ದ ಮೇಲೆ ಒಂದು ಹಿಡಿ ಮರದ ಹೊಟ್ಟು ಹಾಕಬೇಕು, ಅದು ಕೊಳೆತು ಗೊಬ್ಬರವಾಗುತ್ತದೆ. ಎರಡನೆಯದು ಎಷ್ಟೋ ವಾಸಿ. ಎರಡರಲ್ಲೂ ನೀರಿಲ್ಲ! ಈ ದೇಶದಲ್ಲಿ ಎಷ್ಟು ವರ್ಷ ಬಾಳಿದರೂ ಕಾಗದದ ಜೊತೆ ರಾಜಿಯಾಗದ ನಮ್ಮವರು ಉದ್ದ ಮೂತಿಯ ಬಾಟಲಿ ಒಯ್ಯಬೇಕು. ನಾನು ಒಯ್ದದ್ದು ಸ್ಟೀಲಿನ ಚೊಂಬು. ನಲ್ಲಿಯ ಸಾಲಿನಲ್ಲಿ ನನ್ನ ಹಿಂದೆ ನಿಂತ ಬಿಳಿಯ ಹುಡುಗಿ “ಎಷ್ಟು ಚಂದದ ಲೋಟ, ಎಲ್ಲಿ ಸಿಗುತ್ತೆ?” ಎಂದು ಕೇಳಿದಳು. ‘ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ’ ಎಂದಷ್ಟೇ ಹೇಳಿದೆ. ಸತ್ಯವನ್ನು ಅದಕ್ಕಿಂತ ಮುಂದೆ ಒಯ್ಯುವ ಅಗತ್ಯ ಕಾಣಲಿಲ್ಲ.

ಬೆಳಿಗ್ಗೆ ಆರಕ್ಕೆ ಮೊದಲೇ ಆ ಕೆಲಸ ಮುಗಿಸಿ, ಒಂಬತ್ತಕ್ಕೆ ಹೋದರೆ ಸರತಿಯಲ್ಲಿ ನಿಂತು ತಪಸ್ಸು ಮಾಡಬೇಕು. ಕತ್ತಲಾಯಿತೆಂದು ಬೇಲಿಯ ಮರೆಗೆ, ತೊರೆಯ ದಂಡೆಗೆ ಮಾತ್ರ ಹೋಗಬೇಡಿ. ಹೊಲದ ನಡುವೆ ಹರಿಯುವ ವೈಟ್‌ಲೇಕ್ ಎಂಬ ಚಿಕ್ಕ ಹೊಳೆಯ ನೀರನ್ನು ಪರೀಕ್ಷಿಸಿದವರು, ಅದರಲ್ಲಿ ಉತ್ಸವದ ನಂತರ ಮಾದಕ ವಸ್ತುಗಳ ಅಂಶ ಏರುವುದನ್ನು ಕಂಡು 2021ರಲ್ಲಿ ವರದಿ ಮಾಡಿದರು. ಜನ ಕುಡಿದು ನುಂಗಿದ್ದೆಲ್ಲ ಕೊನೆಗೆ ಅಲ್ಲಿರುವ ಹಾವುಮೀನುಗಳ ಪಾಲಿಗೆ. ಅವಕ್ಕೆ ಟಿಕೆಟ್ಟೂ ಇಲ್ಲ, ಹಾಡೂ ಬೇಕಿಲ್ಲ.

ಗಮ್ ಬೂಟು ಮಳೆ ಇಲ್ಲದಿದ್ದರೂ ಜೊತೆಗಿರಲಿ. 1997, 2016ರಂಥ ವರ್ಷಗಳ ಕೆಸರು ಈಗಲೂ ಅಲ್ಲಿಯವರ ಬಾಯಲ್ಲಿ ಪುರಾಣ. ಹೊಸ ಬೂಟನ್ನು ಅಲ್ಲೇ ಮೊದಲು ಹಾಕಿಕೊಂಡರೆ ಬೊಬ್ಬೆ ಖಂಡಿತ, ಮನೆಯಲ್ಲಿ ವಾರ ಮೊದಲೇ ಮೆಟ್ಟಿ ಓಡಾಡಿ. ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅಂಗಡಿಗಳು ನೂರಾರಿವೆ, ದುಬಾರಿ. ಅವಲಕ್ಕಿ ಒಯ್ಯಿರಿ, ಅದಕ್ಕೆ ತಣ್ಣೀರು ಸಾಕು. ಗಾಜು ಒಳಗೆ ಬಿಡುವುದಿಲ್ಲ, ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ. ನೀರಿನ ಬಾಟಲಿ ನಿಮ್ಮದೇ ಇರಲಿ, 2019ರಿಂದ ಅಲ್ಲಿ ಬಿಸಾಡುವ ಬಾಟಲಿ ಮಾರುವುದಿಲ್ಲ.

ಯಾರನ್ನು ಕೇಳಬೇಕು, ಯಾರನ್ನು ಬಿಡಬೇಕು ಎಂಬ ಪಟ್ಟಿ ಬೇಕಾದರೆ ಮಾಡಿಕೊಳ್ಳಿ. ನೂರಕ್ಕೂ ಮಿಕ್ಕಿದ ವೇದಿಕೆ, ಒಂಬೈನೂರು ಎಕರೆಯ ಆಸುಪಾಸಿನ ಜಾಗ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಜನಸಾಗರ ಸೀಳಿಕೊಂಡು ಹೋಗುವಷ್ಟರಲ್ಲಿ ಹಾಡುಗಾರ ಕೈಮುಗಿದು ಒಳಗೆ ಹೋಗಿರುತ್ತಾನೆ. ಮಗಳು ಪಟ್ಟಿ ಹಿಡಿದು ಓಡಿದಳು. ನಾನು ಒಬ್ಬನ ಹೆಸರನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕೈಬಿಟ್ಟೆ.

2023ರ ಜೂನ್ 25, ಭಾನುವಾರ ರಾತ್ರಿ, ಎಲ್ಟನ್ ಜಾನ್. ವಿದಾಯದ ಪ್ರವಾಸದಲ್ಲಿ ಇಂಗ್ಲೆಂಡಿನಲ್ಲಿ ಅದು ಅವನ ಕೊನೆಯ ಹಾಡುಗಾರಿಕೆ ಎಂದು ಸಾರಿದ್ದರು. ಅವನಿಗೆ ಆಗ ಎಪ್ಪತ್ತಾರು. ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ರೂಮಿನವಳ ಹತ್ತಿರ ಒಂದು ಕ್ಯಾಸೆಟ್ಟಿತ್ತು, ಎ ಮುಖಕ್ಕೆ ಎಲ್ಟನ್ ಜಾನ್, ಬಿ ಮುಖಕ್ಕೆ ಪಿ.ಬಿ. ಶ್ರೀನಿವಾಸ್. ರೆಕಾರ್ಡಿಂಗ್ ಅಂಗಡಿಯವನು ಟೇಪಿನ ಉದ್ದ ನೋಡದೆ ತುಂಬಿಸಿದ್ದರಿಂದ ಎ ಮುಖದ ಕೊನೆಯ ಹಾಡು, ಸೂರ್ಯ ಮುಳುಗುವುದರ ಬಗ್ಗೆ 1974ರಲ್ಲಿ ಬಂದದ್ದು, ಅರ್ಧಕ್ಕೇ ಟಕ್ ಎಂದು ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ನಾವಿಬ್ಬರೂ ನಮಗೆ ತೋಚಿದ ಇಂಗ್ಲಿಷಿನಲ್ಲಿ ಹಾಡಿ ಮುಗಿಸುತ್ತಿದ್ದೆವು. ಪರೀಕ್ಷೆ, ಮದುವೆ, ವಿಮಾನ, ಬಾಣಂತನ ಎಲ್ಲ ಆಗಿಹೋಯಿತು. ಪೂರ್ತಿ ಹಾಡು ಆಮೇಲೆ ಎಷ್ಟೋ ಕಡೆ ಕಿವಿಗೆ ಬಿದ್ದರೂ ಆ ಟಕ್ ಎಂಬ ಜಾಗಕ್ಕೆ ಬಂದಾಗ ಇವತ್ತಿಗೂ ನಾನು ಉಸಿರು ಹಿಡಿಯುತ್ತೇನೆ.

ಆ ರಾತ್ರಿ ಎಲ್ಟನ್ ಆ ಹಾಡನ್ನು ಗಾಯಕ ಜಾರ್ಜ್ ಮೈಕೆಲ್ ನೆನಪಿಗೆ ಅರ್ಪಿಸಿದ. ಬದುಕಿದ್ದರೆ ಜಾರ್ಜನಿಗೆ ಅಂದೇ ಅರವತ್ತು ತುಂಬುತ್ತಿತ್ತು. ಸುತ್ತಲೂ ಎಲ್ಲ ವಯಸ್ಸಿನವರು ಬಾಯಿ ತೆರೆದು ಹಾಡುತ್ತಿದ್ದರು. ಎದುರಿನ ನೆರೆಗೂದಲ ಗಂಡಸೊಬ್ಬ ಹೆಗಲ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಅಳುತ್ತಿದ್ದ, ಮಗು ಅವನ ತಲೆಯ ಮೇಲೆ ಚಿಪ್ಸಿಟ್ಟುಕೊಂಡು ತಿನ್ನುತ್ತಿತ್ತು. ಟಕ್ ಎನ್ನುವ ಜಾಗ ಬಂತು, ಹೋಯಿತು, ಹಾಡು ಮುಂದೆ ಹರಿಯಿತು. ಫೋನು ಎತ್ತಿ ಹಿಡಿದು ಅಷ್ಟನ್ನು ರೆಕಾರ್ಡ್ ಮಾಡಿ ಶಿವಮೊಗ್ಗದಲ್ಲಿರುವ ಹಳೆಯ ರೂಮಿನವಳಿಗೆ ಕಳುಹಿಸಿದೆ. ಅಲ್ಲಿ ಆಗ ಬೆಳಗಿನ ಜಾವ ಮೂರು ಗಂಟೆ. ಉತ್ತರ ಕೂಡಲೇ ಬಂತು: “ಈ ಹೊತ್ತಿನಲ್ಲಿ ಫೋನು ಟಿಣ್ ಅಂದ್ರೆ ಯಾರು ಹೋದ್ರೋ ಅಂತ ಎದೆ ಹೊಡ್ಕೊಳ್ಳುತ್ತೆ ಕಣೇ. ಬಿ ಮುಖ ಯಾವಾಗ ಹಾಡ್ತಾನಂತೆ?”

ಸೋಮವಾರ ಹೊರಡುವ ಗಡಿಬಿಡಿಯಲ್ಲಿ ಒಂದು ಕೆಲಸ ಮರೆಯಬೇಡಿ. ಟೆಂಟನ್ನು ಅಲ್ಲೇ ಬಿಟ್ಟು ಹೋಗುವವರು, ಬಡಬಗ್ಗರಿಗೆ ಆಗುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಆಗುವುದಿಲ್ಲ, ಹೆಚ್ಚಿನವು ಕಸವಾಗಿ ಹೋಗುತ್ತವೆ. ಅದಕ್ಕಿಂತ ಮುಖ್ಯ ಗೂಟ. ನೆಲಕ್ಕೆ ಹೊಡೆದ ಅಷ್ಟೂ ಗೂಟಗಳನ್ನು ಎಣಿಸಿ ಕಿತ್ತು ಚೀಲಕ್ಕೆ ಹಾಕಿ. ಹುಲ್ಲಿನಲ್ಲಿ ಉಳಿದ ಒಂದೇ ಒಂದು ಲೋಹದ ಚೂರು ಮೇಯಲು ಬಂದ ಹಸುವಿನ ಹೊಟ್ಟೆಗೆ, ಗೊರಸಿಗೆ ಹೊಕ್ಕರೆ ಅದರ ಕಥೆ ಮುಗಿಯಿತು. ಹೊಲ ಅವುಗಳದ್ದು, ನಾವು ಐದಾರು ದಿನದ ಬಾಡಿಗೆಯವರು. 2018ರ ಹಾಗೆ 2026ರಲ್ಲೂ ಆ ನೆಲಕ್ಕೆ ರಜೆ. ಅಲ್ಲಿ ಈ ಜೂನಿನಲ್ಲಿ ಹಾಡಿಲ್ಲ, ಹುಲ್ಲಷ್ಟೇ.

ಕೊನೆಗೆ, ಅಣ್ಣನ ಮಗಳೇ, ಚೀಲ ತುಂಬುವ ಮೊದಲು ಮಾಡಬೇಕಾದದ್ದು ಬೇರೆ ಇದೆ. ಫೋಟೊ ಕೊಟ್ಟು ಹೆಸರು ನೋಂದಾಯಿಸದವರಿಗೆ ಟಿಕೆಟ್ಟೇ ಇಲ್ಲ. ಒಬ್ಬರ ಟಿಕೆಟ್ಟಿನಲ್ಲಿ ಇನ್ನೊಬ್ಬರು ಹೋಗುವ ಹಾಗಿಲ್ಲ. ಮಾರಾಟ ಸಾಮಾನ್ಯವಾಗಿ ನವೆಂಬರಿನಲ್ಲಿ, ಅರ್ಧ ಮುಕ್ಕಾಲು ಗಂಟೆಯಲ್ಲಿ ಎಲ್ಲ ಖಾಲಿ. ಆಗ ಸಿಗದವರಿಗೆ ವಸಂತದಲ್ಲಿ ಮರುಮಾರಾಟ ಇರುತ್ತದೆ. ನಿನ್ನ ಗೆಳೆಯರಿಗೂ ಹೇಳು, ನೋಂದಣಿ ಈ ವಾರವೇ ಮುಗಿಸಿಕೊಳ್ಳಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.