ಮುಳ್ಳು, ಕೈ ಮತ್ತು ಅಪ್ಪಾಜಿಯ ಕಿವಿ

ನಮ್ಮ ಮನೆಯಲ್ಲಿ ಟಿವಿ ಸೌಂಡಿನ ಜಗಳ ಹಳೆಯದು. ಅಪ್ಪಾಜಿ ನಲವತ್ತಕ್ಕೆ ಇಡ್ತಾರೆ, ಅವ್ವ ಇಪ್ಪತ್ತಕ್ಕೆ ಇಳಿಸ್ತಾಳೆ. "ಕಿವಿ ತೋರಿಸ್ಕೊಂಡು ಬರ್ರಿ" ಅಂದರೆ ಅಪ್ಪಾಜಿಗೆ ಸಿಟ್ಟು. "ನಂಗೆ ಕೇಳಿಸ್ತೈತೆ. ನೀವೇ ಬಾಯೊಳಗೆ ಮಾತಾಡ್ತೀರಿ" ಅನ್ನೋದು ಅವರ ಸಿದ್ಧ ಉತ್ತರ. ಆರು ವರ್ಷದಿಂದ ಇದೇ ನಡೆದಿತ್ತು. ಬರಬರುತ್ತಾ ಅವರು ಮಾತಾಡೋದನ್ನೇ ಕಡಿಮೆ ಮಾಡಿದ್ದರು. ಊಟಕ್ಕೆ ಕೂತಾಗ ನಾವೆಲ್ಲ ನಕ್ಕರೆ ಅವರೂ ನಗೋರು, ಆದರೆ ಅರ್ಧ ನಿಮಿಷ ತಡವಾಗಿ.

ಹೋದ ವರ್ಷ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಸಿಕ್ಕಿ ಕೆಲವು ತಿಂಗಳು ಗುತ್ತೂರಿನಲ್ಲೇ ಇದ್ದೆ. ಒಂದು ಭಾನುವಾರ ಅಟ್ಟ ಸ್ವಚ್ಛ ಮಾಡುವಾಗ ಹಳೇ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದ ಗ್ಯಾರಾರ್ಡ್ ಎಸ್‌ಪಿ 25 ಸಿಕ್ಕಿತು. ಇಂಗ್ಲೆಂಡಿನ ಸ್ವಿಂಡನ್‌ನಲ್ಲಿದ್ದ ಕಂಪನಿಯ ಟರ್ನ್‌ಟೇಬಲ್. ಕ್ಯಾಸೆಟ್ ಬಂದು ರೆಕಾರ್ಡುಗಳಿಗೆ ಬೆಲೆ ಇಲ್ಲದಂತಾದಾಗ, ಊರು ಬಿಟ್ಟು ಹೊರಟಿದ್ದ ಒಬ್ಬ ಎಂಜಿನಿಯರ್ ಹತ್ತಿರ ಅಪ್ಪಾಜಿ ರೆಕಾರ್ಡುಗಳ ಸಮೇತ ಕೊಂಡಿದ್ದಂತೆ. 'ನಾಗರಹಾವು' ಚಿತ್ರದ ಹಾಡುಗಳು, ಭೀಮಸೇನ ಜೋಶಿಯವರ ದಾಸರ ಪದಗಳು, ಹೀಗೆ ಒಂದು ಟ್ರಂಕಿನಷ್ಟು.

ಅದರಲ್ಲಿದ್ದ ಸೆರಾಮಿಕ್ ಕಾರ್ಟ್ರಿಡ್ಜ್ ಸತ್ತಿತ್ತು. ಕಾರ್ಟ್ರಿಡ್ಜ್ ಅಂದರೆ ಮುಳ್ಳನ್ನು ಹಿಡಿದಿರುವ ಪುಟ್ಟ ಡಬ್ಬಿ. ರೆಕಾರ್ಡಿನ ಗೆರೆಯಲ್ಲಿ ಮುಳ್ಳು ಕುಣಿದದ್ದನ್ನು ಕರೆಂಟಿನ ಸಂಕೇತವಾಗಿ ಮಾಡುವುದು ಅದರ ಕೆಲಸ. ಅದನ್ನು ಹೊತ್ತ ಉದ್ದನೆಯ ಕಡ್ಡಿಯೇ ಟೋನ್‌ಆರ್ಮ್. ನಾನು ಸಾಫ್ಟ್‌ವೇರ್‌ನವನು, ಹೆಚ್ಚು ಹೊಗಳಿಕೆ ಯಾವುದಕ್ಕಿದೆ ಅಂತ ನೋಡಿ ಒಂದು ಸೆಕೆಂಡ್ ಹ್ಯಾಂಡ್ ಮ್ಯಾಗ್ನೆಟಿಕ್ ಕಾರ್ಟ್ರಿಡ್ಜ್ ತರಿಸಿದೆ. ಸೆರಾಮಿಕ್‌ಗೆ ಬೇಕಿಲ್ಲದ ಫೋನೋ ಪ್ರೀಆಂಪ್ ಇದಕ್ಕೆ ಬೇಕು. ಇದರಿಂದ ಬರುವುದು ನಾಲ್ಕೈದು ಮಿಲಿವೋಲ್ಟ್ ಅಷ್ಟೆ. ಜೊತೆಗೆ ರೆಕಾರ್ಡು ಕೆತ್ತುವಾಗ ತಗ್ಗಿಸಿದ ಮಂದ್ರವನ್ನು ಏರಿಸಿ, ಏರಿಸಿದ ತಾರವನ್ನು ತಗ್ಗಿಸಬೇಕು. ಅದನ್ನೂ ತರಿಸಿ ಜೋಡಿಸಿದೆ.

ಹಾಡು ಬಂತು. ಆದರೆ ಆಲಾಪದ ದೀರ್ಘ ಸ್ವರ ನೀರಿನೊಳಗಿಂದ ಬಂದಂತೆ ಅಲುಗುತ್ತಿತ್ತು. ಸ್ವಲ್ಪ ಸೊಟ್ಟಗಾದ ರೆಕಾರ್ಡು ಹಾಕಿದರಂತೂ ಮುಳ್ಳು ಹಾರಿ ಮುಂದಿನ ಸಾಲಿಗೆ ಬೀಳುತ್ತಿತ್ತು. ವೈರ್ ಬದಲಿಸಿದೆ, ಪ್ರೀಆಂಪ್ ಬದಲಿಸಿದೆ, ರಬ್ಬರ್ ಚಕ್ರ ಒರೆಸಿದೆ. ಎರಡು ವಾರ ಹೋಯಿತು.

ಅಪ್ಪಾಜಿ ಅಷ್ಟು ದಿನ ಕುರ್ಚಿಯಲ್ಲಿ ಕೂತು ಸುಮ್ಮನೆ ನೋಡ್ತಿದ್ದರು. ಒಂದು ಸಂಜೆ ಎದ್ದು ಬಂದು, ಬಗ್ಗಿ, ಕಣ್ಣನ್ನು ಟೋನ್‌ಆರ್ಮ್‌ನ ಮಟ್ಟಕ್ಕೆ ತಂದು ಹೇಳಿದರು: "ಲೇ ತಮ್ಮಾ, ಇದು ಚ್ಯಾಟರ್ ಹೊಡೀತೈತೆ ನೋಡು."

ನಮ್ಮ ಕಡೆಯವರಿಗೆ ಲೇಥ್ ಹೊಸದಲ್ಲ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದ ಮೇಲೆ ಸುತ್ತಮುತ್ತ ಟರ್ನರ್, ಫಿಟ್ಟರ್ ಇಲ್ಲದ ಓಣಿ ಸಿಗೋದು ಕಷ್ಟವಾಗಿತ್ತು. ಅಪ್ಪಾಜಿ ಆ ಕಾರ್ಖಾನೆಯವರಲ್ಲ. ಬೇರೆ ಬೇರೆ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಮೂವತ್ತೈದು ವರ್ಷ ಟರ್ನರ್ ಆಗಿದ್ದವರು. ಆದರೆ ಓಡಿಸಿದ್ದು ಹೆಚ್ಚಾಗಿ ಅಲ್ಲಿ ತಯಾರಾದ 'ಎಂಟರ್‌ಪ್ರೈಸ್' ಲೇಥನ್ನೇ. ಟೂಲನ್ನು ಟೂಲ್‌ಪೋಸ್ಟಿನಿಂದ ಜಾಸ್ತಿ ಹೊರಗೆ ಚಾಚಿ ಕಟ್ಟಿದರೆ ಅದು ಗಡಗಡ ನಡುಗಿ ಕಬ್ಬಿಣದ ಮೇಲೆ ಅಲೆ ಅಲೆ ಗುರುತು ಬೀಳುತ್ತದೆ. ಅದೇ ಚ್ಯಾಟರ್. ಅವರು ತೋರಿಸಿದ ಮೇಲೆ ನನಗೂ ಕಂಡಿತು. ಟೋನ್‌ಆರ್ಮ್‌ನ ತಲೆ ಸಣ್ಣಗೆ ಮೇಲೆ ಕೆಳಗೆ ತೂಗುತ್ತಿತ್ತು. ಸ್ಪೀಕರಿನ ಬಟ್ಟೆ ತೆಗೆದು ನೋಡಿದರೆ, ಶಬ್ದವೇ ಇಲ್ಲದೆ ಕೋನ್ ಉಸಿರಾಡಿದ ಹಾಗೆ ಹಿಂದೆ ಮುಂದೆ ಹೋಗುತ್ತಿತ್ತು. ಕಿವಿಗೆ ನಿಲುಕದಷ್ಟು ಕೆಳಗಿನ ಕಂಪನ. ಚೆನ್ನಾಗಿ ಕಿವಿ ಕೇಳುವ ನಾನು ಎರಡು ವಾರ ಹುಡುಕಿದರೂ ಸಿಗದ್ದನ್ನು, ಕಿವಿ ಮಂದವಾದವರು ಕಣ್ಣಿನಲ್ಲಿ ಹಿಡಿದಿದ್ದರು.

ಆಮೇಲೆ ಕೂತು ಓದಿದೆ. ಸ್ಪ್ರಿಂಗಿಗೆ ತೊಟ್ಟಿಲು ಕಟ್ಟಿ ತೂಗಿದರೆ ಅದು ತನ್ನದೇ ಲಯದಲ್ಲಿ ಏರಿಳಿಯುತ್ತದಲ್ಲ, ಇಲ್ಲೂ ಹಾಗೇ. ಟೋನ್‌ಆರ್ಮ್ ತೊಟ್ಟಿಲು, ಮುಳ್ಳಿನ ಬುಡದ ರಬ್ಬರ್ ಸ್ಪ್ರಿಂಗು. ತೊಟ್ಟಿಲು ಭಾರವಾದಷ್ಟೂ, ಸ್ಪ್ರಿಂಗ್ ಮೆತ್ತಗಾದಷ್ಟೂ ತೂಗಾಟ ನಿಧಾನ. ಲೆಕ್ಕವೂ ಸುಲಭ. ಆರ್ಮ್‌ನ ಪರಿಣಾಮಕಾರಿ ತೂಕ, ಕಾರ್ಟ್ರಿಡ್ಜ್, ಸ್ಕ್ರೂ ಎಲ್ಲ ಗ್ರಾಂನಲ್ಲಿ ಕೂಡಿಸಿ, ರಬ್ಬರಿನ ಮೆತ್ತನೆಯ ಅಳತೆಯಾದ ಕಂಪ್ಲಯನ್ಸ್‌ನಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿದರೆ ಹರ್ಟ್ಸ್ ಬರುತ್ತದೆ. ಬರಬೇಕಾದದ್ದು 8ರಿಂದ 12ರ ನಡುವೆ. ಅದಕ್ಕಿಂತ ತೀರಾ ಕೆಳಗಾದರೆ ಸೊಟ್ಟ ರೆಕಾರ್ಡಿನ ಏರಿಳಿತ, ನಾವು ಓಡಾಡುವ ಹೆಜ್ಜೆ ಎಲ್ಲವೂ ಅದನ್ನು ತೂಗಿಬಿಡುತ್ತವೆ. ತೀರಾ ಮೇಲಾದರೆ 20 ಹರ್ಟ್ಸ್‌ನಿಂದ ಶುರುವಾಗುವ ಸಂಗೀತಕ್ಕೇ ತಾಗುತ್ತದೆ.

ನಮ್ಮ ಆರ್ಮ್ 16 ಗ್ರಾಂ ಇರಬಹುದು ಅಂತ ಹಿಡಿದೆ. ಕಾರ್ಟ್ರಿಡ್ಜ್ 6, ಸ್ಕ್ರೂ 1, ಒಟ್ಟು 23. ನಾನು ತರಿಸಿದ್ದರ ಕಂಪ್ಲಯನ್ಸ್ 30. ಉತ್ತರ 6 ಹರ್ಟ್ಸ್! ಕಾರ್ಟ್ರಿಡ್ಜ್ ಕೆಟ್ಟದ್ದಲ್ಲ, ಆರ್ಮ್ ಕೂಡ ಕೆಟ್ಟದ್ದಲ್ಲ. ಜೋಡಿ ತಪ್ಪು. ಹಗುರ ಆರ್ಮ್‌ಗೆ ಮಾಡಿದ ಮೆತ್ತನೆ ಮುಳ್ಳನ್ನು ಭಾರದ ಆರ್ಮ್‌ಗೆ ಕಟ್ಟಿದ್ದೆ.

ಅಪ್ಪಾಜಿಗೆ ಕಾಗದದ ಮೇಲೆ ಬರೆದು ತೋರಿಸಿದೆ. "ಅಂದ್ರ ಗಟ್ಟಿ ಸ್ಪ್ರಿಂಗಿನದು ತರಿಸು" ಅಂದರು. ಅಷ್ಟೇ ವಿಷಯ.

ಈ ಸಲ ನೋಡಿದ್ದು ಆಡಿಯೋ ಟೆಕ್ನಿಕಾ ವಿಎಂ95ಇ. ತೂಕ 6.1 ಗ್ರಾಂ. ಕಂಪ್ಲಯನ್ಸ್ 7 ಅಂತ ಇತ್ತು. ಲೆಕ್ಕ ಹಾಕಿದರೆ 12.5 ಬಂದು, ಬೇಡ ಅಂತ ಬಿಟ್ಟೇಬಿಡುತ್ತಿದ್ದೆ. ಆಮೇಲೆ ಕಂಡಿತು, ಆ ಅಂಕಿ 100 ಹರ್ಟ್ಸ್‌ನಲ್ಲಿ ಅಳೆದದ್ದು. ಜಪಾನಿನ ಕಂಪನಿಗಳ ರೂಢಿ ಅದು. ಸೂತ್ರಕ್ಕೆ ಬೇಕಾದದ್ದು 10 ಹರ್ಟ್ಸ್‌ನ ಅಳತೆ. ಅದು ಒಂದೂವರೆಯಿಂದ ಎರಡು ಪಟ್ಟು ಆಗುತ್ತದೆ. 12 ಅಂತ ಹಿಡಿದರೆ ಉತ್ತರ 9.6. ನೀವೂ ಹಳೇ ಪ್ಲೇಯರ್ ರಿಪೇರಿಗೆ ಇಳಿದರೆ ಈ ಒಂದು ಸಾಲು ನೆನಪಿಡಿ.

ಕೂರಿಸುವಾಗ ಮತ್ತೊಂದು ಎಡವಟ್ಟು. ಮುಳ್ಳು ಗೆರೆಗೆ ನೇರವಾಗಿ ಕೂರಲು ಅಳತೆಯ ಕಾಗದ ಪ್ರಿಂಟ್ ಮಾಡಿ ಇಡಬೇಕು. ನಾನು ಇಟ್ಟೆ. ಅಪ್ಪಾಜಿ ಅಲಮಾರಿಯಿಂದ ತಮ್ಮ ವರ್ನಿಯರ್ ತಂದು ಕಾಗದದ ಮೇಲಿನ ಸ್ಕೇಲನ್ನೇ ಅಳೆದರು. "ನೂರು ಅಂತ ಬರ್ದೈತೆ, ಇರೋದು ತೊಂಬತ್ತೇಳು." ಪ್ರಿಂಟರ್ ಪುಟಕ್ಕೆ ಹೊಂದಿಸಲು ಹೋಗಿ ಕುಗ್ಗಿಸಿತ್ತು! ಮತ್ತೆ ಪ್ರಿಂಟ್ ಹಾಕಿ, ಕಾರ್ಟ್ರಿಡ್ಜನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ, ತೂಕದ ಮಷೀನಿನಲ್ಲಿ ಮುಳ್ಳಿನ ಭಾರವನ್ನು 2 ಗ್ರಾಂಗೆ ತಂದೆವು. ಹಗುರ ಇಟ್ಟರೆ ರೆಕಾರ್ಡು ಸವೆಯಲ್ಲ ಅನ್ನೋದು ಪೂರ್ತಿ ನಿಜವಲ್ಲ. ತೀರಾ ಹಗುರವಾದರೆ ಮುಳ್ಳು ಗೆರೆಯ ಗೋಡೆಗೆ ಬಡಿದು ಅದೇ ಹೆಚ್ಚು ಹಾಳು ಮಾಡುತ್ತದೆ. ಆ ಮೂರು ಗಂಟೆಯಲ್ಲಿ ಅಪ್ಪಾಜಿ ಆಡಿದಷ್ಟು ಮಾತು ಹಿಂದಿನ ಮೂರು ತಿಂಗಳಲ್ಲಿ ಆಡಿರಲಿಲ್ಲ.

ಭೀಮಸೇನ ಜೋಶಿಯವರ ರೆಕಾರ್ಡು ಹಾಕಿದೆ. ಆರ್ಮ್ ಅಲುಗಲಿಲ್ಲ. ದನಿ ಕಂಬದ ಹಾಗೆ ನಿಂತಿತು. ಅವ್ವ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಅಪ್ಪಾಜಿ ಸ್ವಲ್ಪ ಹೊತ್ತು ಕೇಳಿ ಕೇಳಿದರು: "ಮೊದಲು ಇದರಾಗೆ ತಾಳ ಟಿಣ್ ಟಿಣ್ ಅಂತಿತ್ತಲ್ಲ. ಈ ಮುಳ್ಳಿಗೆ ಅದು ಬರಲ್ಲೇನು?"

ತಾಳ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಅವ್ವನ ಮುಖ ನೋಡಿದೆ. ಅವಳು ಏನೂ ಅನ್ನಲಿಲ್ಲ.

"ಬರ್ತಾ ಐತೆ ಅಪ್ಪಾಜಿ" ಅಂದೆ.

ಅವರು ಸುಮಾರು ಹೊತ್ತು ತಟ್ಟೆ ತಿರುಗೋದನ್ನೇ ನೋಡಿದರು. ವರ್ಷಗಟ್ಟಲೆ ಪ್ರೆಸ್ ಮಷೀನುಗಳ ಪಕ್ಕ ನಿಂತ ಕಿವಿ. ಅಂಥ ಗದ್ದಲ ಮೊದಲು ತಿನ್ನೋದು ಸುಮಾರು 4000 ಹರ್ಟ್ಸ್‌ನ ಆಸುಪಾಸನ್ನು. ತಾಳದ ನಾದದ ಹೊಳಪು, ಸ, ಶ, ತ ದಂಥ ಅಕ್ಷರಗಳ ಅಂಚು ಇರೋದು ಆ ಮೇಲಿನ ಭಾಗದಲ್ಲೇ. ಅದಕ್ಕೇ ಅವರಿಗೆ ನಾವು ಬಾಯೊಳಗೆ ಮಾತಾಡಿದ ಹಾಗೆ ಅನ್ನಿಸ್ತಿತ್ತು. ಅವರು ಸುಳ್ಳು ಹೇಳ್ತಿರಲಿಲ್ಲ. ಧ್ವನಿ ಕೇಳಿಸ್ತಿತ್ತು, ಮಾತು ಸಿಗ್ತಿರಲಿಲ್ಲ. ಟಿವಿ ಎಷ್ಟು ಜೋರು ಮಾಡಿದರೂ ಅದು ಸರಿಹೋಗುವಂಥದ್ದಲ್ಲ. ನಾವು ಅದನ್ನು ಹಠ ಅಂದುಕೊಂಡೆವು.

ರಾತ್ರಿ ಊಟ ಆದ ಮೇಲೆ ಅವರೇ ಅಂದರು, "ಕಿವಿಗೂ ಹಿಂಗೇ ನಂಬರ್ ನೋಡಿ ಮ್ಯಾಚ್ ಮಾಡ್ತಾರೇನು?"

"ಹೌದು ಅಪ್ಪಾಜಿ. ಯಾವ ಸ್ವರ ಎಷ್ಟು ಕೇಳಿಸಲ್ಲ ಅಂತ ಅಳೆದು, ಅಷ್ಟನ್ನೇ ಏರಿಸ್ತಾರೆ."

"ಹಂಗಾದ್ರ ನಡಿ."

ದಾವಣಗೆರೆಯಲ್ಲಿ ಪರೀಕ್ಷೆ ಮಾಡಿಸಿದೆವು. ಮಷೀನು ಹಾಕಿಕೊಂಡ ಮೊದಲ ವಾರ ಪ್ಲಾಸ್ಟಿಕ್ ಚೀಲದ ಸದ್ದಿಗೂ ಬೆಚ್ಚಿ ತೆಗೆದಿಟ್ಟರು. ಆಗ ನಾನು ಬೈಯಲಿಲ್ಲ. ಒಂದೇ ಸಲಕ್ಕೆ ಸೆಟ್ ಆಗಲ್ಲ ಅನ್ನೋದನ್ನು ಇಬ್ಬರೂ ಆಗಲೇ ಕಲಿತಿದ್ದೆವು. ಮೂರು ಸಲ ಹೋಗಿ ಸೆಟಿಂಗ್ ಬದಲಿಸಿಕೊಂಡು ಬಂದೆವು. ಹೋದ ಕಿವಿ ಪೂರ್ತಿ ವಾಪಸ್ ಬರಲಿಲ್ಲ, ಬರೋದೂ ಇಲ್ಲ. ಜನಜಂಗುಳಿಯಲ್ಲಿ ಈಗಲೂ ಕಷ್ಟಪಡ್ತಾರೆ. ಆದರೆ ಟಿವಿ ಇಪ್ಪತ್ತೆರಡಕ್ಕೆ ನಿಂತಿದೆ.

ಈಗ ನಾನು ಮತ್ತೆ ಬೆಂಗಳೂರಿನಲ್ಲಿದ್ದೇನೆ. ಮೊನ್ನೆ ಭಾನುವಾರ ಫೋನ್ ಮಾಡಿದ್ದರು. "ರೆಕಾರ್ಡ್ ಚರಚರ ಅಂತೈತಲೇ, ಏನಾಗಿರಬಹುದು?" ಧೂಳು ಕೂತಿರುತ್ತೆ, ಬ್ರಷ್‌ನಿಂದ ಒರೆಸಿ ಅಂದೆ. ಹಿಂದಿನಿಂದ ಅವ್ವನ ದನಿ: "ಈಗ ಎಲ್ಲಾ ಕೇಳಿಸ್ತೈತೆ ಕಣಪ್ಪಾ ಇವರಿಗೆ, ನಾನು ಗೊಣಗೋದೂ!"

ಅದಕ್ಕೆ ಅಪ್ಪಾಜಿ ನಕ್ಕರು. ತಡವಾಗಿ ಅಲ್ಲ, ಅವ್ವ ಮಾತು ಮುಗಿಸುವ ಮೊದಲೇ.