95 ಸಾವಿರಕ್ಕೆ ಒಂದು ಕಂಪ್ಯೂಟರ್, ಇಬ್ಬರು ಮಾಲೀಕರು

2021ರ ಏಪ್ರಿಲ್‌ನ ಒಂದು ಮಧ್ಯಾಹ್ನ ನನ್ನ ಹಳೆಯ ಕಂಪ್ಯೂಟರ್ 'ಟಪ್' ಅಂತ ಸದ್ದು ಮಾಡಿ ಆಫ್ ಆಯಿತು. ಹಿಂದೆಯೇ ಸುಟ್ಟ ವಾಸನೆ. ಅವತ್ತು ಊರಲ್ಲಿ ಬೆಳಿಗ್ಗೆಯಿಂದ ಕರೆಂಟ್ ಹೋಗೋದು ಬರೋದು ಮಾಡುತ್ತಿತ್ತು. ಬಿಚ್ಚಿ ನೋಡಿದರೆ ಎಸ್‌ಎಂಪಿಎಸ್ ಸುಟ್ಟಿತ್ತು. ಅದೊಂದೇ ಹೋಗಿದ್ದರೆ ಬೇಜಾರಿರಲಿಲ್ಲ. ಹೋಗುವಾಗ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೇ ಕರೆದುಕೊಂಡು ಹೋಗಿತ್ತು.

ಆ ಡಿಸ್ಕಿನಲ್ಲಿ ಎರಡು ವರ್ಷದ ವಿಡಿಯೊಗಳಿದ್ದವು. ಬರ, ಗ್ರಾಮ ಪಂಚಾಯಿತಿ ಗಲಾಟೆ, ವಾಣಿವಿಲಾಸ ಸಾಗರದ ನೀರಿನ ಸಭೆಗಳು. ಅವು ಹೋದರೆ ಹೋಗಲಿ, ಸುದ್ದಿಯಾಗಿ ಆಗಲೇ ಪ್ರಕಟವಾಗಿದ್ದವು. ಆದರೆ ನಮ್ಮೂರಿನ ಪಕ್ಕದ ಗೊಲ್ಲರಹಟ್ಟಿಯ ಒಬ್ಬ ಅಜ್ಜ ಗಣೆ ನುಡಿಸಿ ಜುಂಜಪ್ಪನ ಕಥೆ ಹಾಡಿದ್ದು ಮೂರು ಗಂಟೆಯಷ್ಟು ಅದರಲ್ಲಿತ್ತು. 2019ರಲ್ಲಿ ಮೂರು ರಾತ್ರಿ ಕೂತು ಶೂಟ್ ಮಾಡಿದ್ದೆ. ಗಣೆ ಅಂದರೆ ಉದ್ದನೆಯ ಬಿದಿರಿನ ಕೊಳಲು, ಊದೋಕೆ ದಮ್ಮು ಬೇಕು. ಮುಂದಿನ ವರ್ಷ ಅಜ್ಜ ತೀರಿಕೊಂಡರು. ಎಡಿಟ್ ಮಾಡಿ ಅವರ ಮಕ್ಕಳಿಗೆ ಕೊಡುತ್ತೇನೆ ಅಂತ ಹೇಳಿದ್ದೆ. ಹೇಳುತ್ತಲೇ ಇದ್ದೆ.

ಆ ಕಂಪ್ಯೂಟರನ್ನು ತಾಲ್ಲೂಕು ಕೇಂದ್ರದ ಒಂದು ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ್ದು. ಎಸ್‌ಎಂಪಿಎಸ್ ಮೇಲೆ '500 ವ್ಯಾಟ್' ಅಂತ ದಪ್ಪ ಅಕ್ಷರದಲ್ಲಿತ್ತು. ಬೆಲೆ 900 ರೂಪಾಯಿ. ಕೈಯಲ್ಲಿ ಹಿಡಿದರೆ ಖಾಲಿ ಟಿಫಿನ್ ಬಾಕ್ಸಿನಷ್ಟು ಹಗುರ. ಆಗ ನನಗೆ ಅನುಮಾನ ಬರಲಿಲ್ಲ. ಉಳಿದ ದುಡ್ಡಿಗೆ ದೊಡ್ಡ ಮಾನಿಟರ್ ಬಂತಲ್ಲ ಅಂತ ಖುಷಿಪಟ್ಟಿದ್ದೆ.

ಆಮೇಲೆ ಸುಮಾರು ಎರಡು ವರ್ಷ ಮೊಬೈಲಿನಲ್ಲೇ ಎಡಿಟಿಂಗ್. ನನ್ನಂಥ ಸ್ಟ್ರಿಂಗರ್‌ಗಳಿಗೆ ಸಂಬಳ ಇಲ್ಲ, ಸುದ್ದಿಗಿಷ್ಟು ಅಂತ ಲೆಕ್ಕ. ಮನೆ ನಡೆಯೋದು ಮದುವೆ ಶೂಟಿಂಗ್‌ನಿಂದ. ಶೂಟ್ ನಾನು ಮಾಡಿದರೂ ಎಡಿಟಿಂಗ್‌ಗೆ ಬೇರೆಯವರಿಗೆ ಮದುವೆಗೆ 6 ಸಾವಿರ ಕೊಡಬೇಕಿತ್ತು. ಲಾಭ ಅನ್ನೋದು ಅಲ್ಲೇ ಸೋರಿ ಹೋಗುತ್ತಿತ್ತು. 2023ರ ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ಬರುವುದಿತ್ತು, ಮದುವೆ ಸೀಸನ್ನೂ ಅದೇ ಸಮಯಕ್ಕೆ. ಅಷ್ಟರೊಳಗೆ ಕಂಪ್ಯೂಟರ್ ಬೇಕೇಬೇಕು ಅಂತ ತೀರ್ಮಾನ ಮಾಡಿದೆ.

ನನ್ನ ಹತ್ತಿರ 60 ಸಾವಿರ ಇತ್ತು. ಉಳಿದ 35 ಸಾವಿರ ಅತ್ತಿಗೆಯದು. ಡೇರಿಗೆ ಹಾಲು ಹಾಕಿ ಕೂಡಿಟ್ಟದ್ದು ಸ್ವಲ್ಪ, ಸಂಘದಲ್ಲಿ ಎತ್ತಿದ ಸಾಲ ಸ್ವಲ್ಪ. ಅವರ ಮಗ ಪಾಲಿಟೆಕ್ನಿಕ್‌ನಲ್ಲಿ ಓದುತ್ತಾನೆ. ಅವನಿಗೂ ಕಂಪ್ಯೂಟರ್ ಬೇಕು, ಓದೋದಕ್ಕೆ ಅಂತ ಅವನು ಅಮ್ಮನಿಗೆ ಹೇಳಿದ್ದ. ಗೇಮ್ ಆಡೋದಕ್ಕೆ ಅಂತ ನನಗೆ ಹೇಳಿದ್ದ. ಅತ್ತಿಗೆಗೆ ಎರಡೂ ಗೊತ್ತಿತ್ತು ಅಂತ ನನಗೆ ಈಗ ಅನ್ನಿಸುತ್ತದೆ.

ಹೀಗೆ ಒಂದು ಡಬ್ಬಕ್ಕೆ ಇಬ್ಬರು ಮಾಲೀಕರಾದೆವು. ಒಂದು ತಿಂಗಳು ರಾತ್ರಿ ಊಟ ಆದಮೇಲೆ ಜಗಲಿ ಮೇಲೆ ನಮ್ಮಿಬ್ಬರದೂ ಪಂಚಾಯಿತಿ.

ಗೇಮಿಂಗ್‌ಗೂ ವಿಡಿಯೊ ಎಡಿಟಿಂಗ್‌ಗೂ ಒಂದೇ ಕಂಪ್ಯೂಟರ್ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಮುಕ್ಕಾಲು ಪಾಲು ನಿಜ. ಎರಡಕ್ಕೂ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ಒಳ್ಳೆಯ ಪ್ರೊಸೆಸರ್ ಬೇಕು. ದುಡ್ಡು ಕಮ್ಮಿ ಇದ್ದಾಗ ಉಳಿದ ಕಾಲು ಪಾಲಿನಲ್ಲೇ ಜಗಳ ಶುರುವಾಗೋದು.

ಪ್ರೊಸೆಸರ್‌ನಿಂದಲೇ ಶುರುವಾಯಿತು. ಇಂಟೆಲ್ ಐ5-12400 ಅಂತ ಇಬ್ಬರೂ ಒಪ್ಪಿದೆವು. ಆರು ಕೋರ್, ನಮ್ಮ ಕೆಲಸಕ್ಕೆ ಸಾಕು. ಆದರೆ ಅದರಲ್ಲೇ ಹೆಸರಿನ ಕೊನೆಗೆ 'ಎಫ್' ಇರುವ ಇನ್ನೊಂದು ಬರುತ್ತದೆ, ಆಗ ಎರಡು ಸಾವಿರದಷ್ಟು ಕಮ್ಮಿ ಇತ್ತು. 'ಎಫ್' ಇದ್ದರೆ ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಇರುವುದಿಲ್ಲ. "ಹೆಂಗೂ ಕಾರ್ಡ್ ಹಾಕ್ತೀವಲ್ಲ ಚಿಕ್ಕಪ್ಪ, ಅದ್ಯಾಕೆ ದಂಡ?" ಅಂದ ಹುಡುಗ. ನಾನು ಒಪ್ಪಲಿಲ್ಲ. ಇವತ್ತಿನ ಎಷ್ಟೋ ಮೊಬೈಲುಗಳು ಎಚ್.265 ಅನ್ನೋ ವಿಧಾನದಲ್ಲಿ ವಿಡಿಯೊವನ್ನು ಒತ್ತಿ ಒತ್ತಿ ಸಣ್ಣ ಫೈಲ್ ಮಾಡಿ ಇಡುತ್ತವೆ. ಎಡಿಟ್ ಮಾಡುವಾಗ ಅದನ್ನು ಬಿಡಿಸಿ ಬಿಡಿಸಿ ಓದಬೇಕು. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಅಂತ ಒಂದು ಭಾಗ ಇದೆ. ಅದನ್ನು ಬಳಸಿಕೊಳ್ಳುವ ಸಾಫ್ಟ್‌ವೇರ್‌ಗಳಲ್ಲಿ ಈ ಕೆಲಸ ಸಲೀಸಾಗುತ್ತದೆ. ಎರಡನೆಯದು, ನಾಳೆ ಕಾರ್ಡ್ ಕೆಟ್ಟು ರಿಪೇರಿಗೆ ಕಳಿಸಿದರೆ ತಿಂಗಳುಗಟ್ಟಲೆ ಕಂಪ್ಯೂಟರ್ ಮೂಲೆಗೆ ಬೀಳಬಾರದು. ನಮ್ಮೂರಿಂದ ಬೆಂಗಳೂರು ಪಕ್ಕದ ಬೀದಿಯಲ್ಲಿಲ್ಲ.

ಕಾರ್ಡ್ ವಿಷಯದಲ್ಲಿ ಅವನು ಹೇಳಿದ್ದೇ ಸರಿ ಇತ್ತು. ಎನ್‌ವಿಡಿಯಾ ಆರ್‌ಟಿಎಕ್ಸ್ 3060, 12 ಜಿಬಿಯದು. ಅದೇ ಹೆಸರಲ್ಲಿ 8 ಜಿಬಿಯದೂ ಬರುತ್ತದೆ. ಮೆಮೊರಿ ಮಾತ್ರ ಕಮ್ಮಿಯಲ್ಲ, ಮೆಮೊರಿಗೆ ಹೋಗುವ ದಾರಿಯೂ ಕಿರಿದು. ಪೆಟ್ಟಿಗೆ ಮೇಲಿನ ಹೆಸರು ಮಾತ್ರ ಓದಿದರೆ ಮೋಸ ಹೋಗುತ್ತೀರಿ. ನಾನು ಬಳಸುವ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್ (ಪುಕ್ಕಟೆ ಸಿಗುವ ಆವೃತ್ತಿಯೇ ನನಗೆ ಸಾಕು) ಬಹಳಷ್ಟು ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೊರಿಸುತ್ತದೆ. ಮೆಮೊರಿ ಸಾಲದಿದ್ದರೆ ನಡುವೆಯೇ ನಿಂತುಬಿಡುತ್ತದೆ. 2021ರಲ್ಲಿ ಇದೇ ಕಾರ್ಡನ್ನು ಮುಟ್ಟುವ ಹಾಗಿರಲಿಲ್ಲ. ಚಿಪ್ಪುಗಳ ಕೊರತೆ, ಅದರ ಮೇಲೆ ಕ್ರಿಪ್ಟೊ ಮೈನಿಂಗ್ ಮಾಡುವವರು ಗುಡ್ಡೆ ಗುಡ್ಡೆ ಖರೀದಿ ಮಾಡುತ್ತಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಂ ಅನ್ನೋ ನಾಣ್ಯ ಆ ಪದ್ಧತಿಯನ್ನೇ ಬಿಟ್ಟಿತು. ಆಮೇಲೆ ಬಳಸಿ ಬಿಟ್ಟ ಕಾರ್ಡುಗಳು ಮಾರ್ಕೆಟ್ಟಿಗೆ ಬಂದವು. ಮನೆಯಲ್ಲಿ "ಮೈನಿಂಗ್ ಕಾರ್ಡ್ ಅರ್ಧ ರೇಟಿಗೆ ಸಿಗುತ್ತೆ" ಅಂತ ಹುಡುಗ ಹೇಳಿದಾಗ ಅತ್ತಿಗೆ, "ಭೀಮಸಮುದ್ರದ ಕಡೆಯಿಂದ ತರ್ತೀರಾ?" ಅಂದರು. ನಮ್ಮ ಜಿಲ್ಲೆಯಲ್ಲಿ ಮೈನಿಂಗ್ ಅಂದರೆ ಅದಿರಿನ ಲಾರಿಯೇ ನೆನಪಿಗೆ ಬರೋದು. ಹಗಲೂ ರಾತ್ರಿ ದುಡಿದು ಬಂದ ಕಾರ್ಡು ಬೇಡ, ವಾರಂಟಿ ಇರುವ ಹೊಸದೇ ಇರಲಿ ಅಂತ ಆಯಿತು.

ಮಾನಿಟರ್‌ನಲ್ಲಿ ಅವನು ಸೋತ. ಅವನಿಗೆ ಸೆಕೆಂಡಿಗೆ 144 ಸಲ ಚಿತ್ರ ಬದಲಾಗುವುದು ಬೇಕಿತ್ತು. ನನಗೆ ಮದುಮಗಳ ಸೀರೆ ಬಣ್ಣ ಸರಿ ಕಾಣಿಸಬೇಕಿತ್ತು. ಐಪಿಎಸ್ ಪ್ಯಾನೆಲ್ಲಿನ 75 ಹರ್ಟ್ಸ್ ಮಾನಿಟರ್ ಬಂತು. ಕ್ಯಾಬಿನೆಟ್‌ನಲ್ಲಿ ನಾನು ಸೋತೆ. ಗಾಜಿನ ಬಾಗಿಲು, ಬಣ್ಣ ಬಣ್ಣದ ಫ್ಯಾನು. ಒಂದೇ ಷರತ್ತು ಹಾಕಿದೆ, ಮುಂದೆ ಗಾಳಿ ಹೋಗುವ ಜಾಲರಿ ಇರಬೇಕು, ಅದರ ಹಿಂದೆ ಬಿಚ್ಚಿ ತೊಳೆಯುವಂಥ ಧೂಳಿನ ಫಿಲ್ಟರ್ ಇರಬೇಕು. ಹಿರಿಯೂರು ಕಡೆಯ ಧೂಳು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಸ್ಟೋರೇಜ್ ಬಂದಾಗ ಮಾತ್ರ ದನಿ ಏರಿತು. ಅವನಿಗೆ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಬೇಕು, ಗೇಮುಗಳು ಒಂದೊಂದೂ ಅಷ್ಟು ದೊಡ್ಡವು. ನಾನು 500 ಜಿಬಿಯದು ಸಾಕು ಅಂದೆ, ಉಳಿದ ದುಡ್ಡಿಗೆ ಎರಡು ಸಾದಾ ಹಾರ್ಡ್ ಡಿಸ್ಕ್. ಒಂದು ಕ್ಯಾಬಿನೆಟ್ ಒಳಗೆ, ಇನ್ನೊಂದು ಹೊರಗೆ.

"ಎರಡನೇದು ಯಾಕೆ?"

"ಟ್ರಂಕಲ್ಲಿ ಇಡೋಕೆ."

"ಟ್ರಂಕಲ್ಲಿ ಇಡೋಕೆ ಐದು ಸಾವಿರನಾ?"

ಒಳಗೇ ಎರಡು ಹಾಕಿದರೆ ಪ್ರಯೋಜನ ಇಲ್ಲ ಅಂತ ಅವನಿಗೆ ಹೇಳಿದೆ. ಎಸ್‌ಎಂಪಿಎಸ್ ಸುಟ್ಟರೆ ಒಂದೇ ವೈರಿನಲ್ಲಿರುವ ಎರಡೂ ಒಟ್ಟಿಗೇ ಸಾಯಬಹುದು. ಹೊರಗಿನ ಡಿಸ್ಕನ್ನು ಕಾಪಿ ಮಾಡುವಾಗ ಮಾತ್ರ ಜೋಡಿಸಿ, ಆಮೇಲೆ ಕಳಚಿ ಇಡಬೇಕು. ಅವನು ಸುಮ್ಮನಾದ, ಒಪ್ಪಿ ಸುಮ್ಮನಾದದ್ದಲ್ಲ.

ಫೆಬ್ರುವರಿಯಲ್ಲಿ ಇಬ್ಬರೂ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋದೆವು. ಟೌನ್‌ಹಾಲ್ ಹತ್ತಿರ ಇಳಿದು ಎಸ್‌ಪಿ ರೋಡ್. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ, ಅಲ್ಲಿ ಯಾರೂ ಹಾಗೆ ಕರೆಯೋದಿಲ್ಲ. ಕಂಪ್ಯೂಟರ್ ಸಾಮಾನು ಮಾರುವ ಅಂಗಡಿಗಳು ಒಂದರ ಪಕ್ಕ ಒಂದು. ಐದು ಕಡೆ ಚೀಟಿಯಲ್ಲಿ ಕೊಟೇಶನ್ ಬರೆಸಿಕೊಂಡೆವು. ಒಂದು ಕಡೆ ಎಲ್ಲಕ್ಕಿಂತ 4 ಸಾವಿರ ಕಮ್ಮಿ ಹೇಳಿದರು, ಆದರೆ ಜಿಎಸ್‌ಟಿ ಬಿಲ್ ಕೊಡುವುದಿಲ್ಲ. ಇನ್ನೊಂದು ಕಡೆ ಎಲ್ಲ ಸರಿ, ಎಸ್‌ಎಂಪಿಎಸ್ ಎದುರಿಗೆ ಬರೀ '550 ವ್ಯಾಟ್' ಅಂತಿತ್ತು, ಯಾವ ಕಂಪನಿ, ಯಾವ ಮಾಡೆಲ್ ಅಂತ ಇಲ್ಲ. ಕೇಳಿದರೆ, "ಅದು ಒಳಗೆ ಇರುತ್ತೆ ಸರ್, ಯಾರು ನೋಡ್ತಾರೆ?" ಅಂದರು.

ನೀವು ಕೊಳ್ಳುವಾಗ ಇದೊಂದನ್ನು ಬಿಡಬೇಡಿ. ಆ ಕಾರ್ಡ್ 170 ವ್ಯಾಟ್‌ವರೆಗೆ ಎಳೆಯುತ್ತದೆ, ಪ್ರೊಸೆಸರ್ ಜೋರಾಗಿ ಓಡಿದಾಗ 117. ಉಳಿದದ್ದೆಲ್ಲ ಸೇರಿಸಿದರೂ 550 ಧಾರಾಳ. ಆದರೆ ನಿಜವಾದ 550 ಆಗಿರಬೇಕು. '80 ಪ್ಲಸ್ ಬ್ರಾಂಜ್' ಅನ್ನೋ ಮುದ್ರೆ ಕರೆಂಟ್ ಎಷ್ಟು ಪೋಲಾಗದೆ ಬಳಕೆಯಾಗುತ್ತದೆ ಅನ್ನುವುದಕ್ಕೆ, ಅದು ಭದ್ರತೆಯ ಮುದ್ರೆ ಅಲ್ಲ. ವೋಲ್ಟೇಜ್ ಏರಿದಾಗ ತಾನೇ ಆಫ್ ಆಗುವ ವ್ಯವಸ್ಥೆ ಇದೆಯಾ, ವಾರಂಟಿ ಎಷ್ಟು ವರ್ಷ ಅಂತ ನೋಡಿ. ನಾವು 5 ವರ್ಷದ್ದು ತೆಗೆದುಕೊಂಡೆವು, 5 ಸಾವಿರ ಆಯಿತು. ಕೈಯಲ್ಲಿ ಹಿಡಿದರೆ ಇಟ್ಟಿಗೆ ಥರ ಭಾರ.

ಒಂದು ವಿಷಯ ನಾನು ಹುಡುಗನಿಗೆ ಹೇಳಿರಲಿಲ್ಲ. ನನ್ನ ಚೀಲದಲ್ಲಿ ಆ ಸುಟ್ಟ ಡಿಸ್ಕ್ ಇತ್ತು.

ಮಧ್ಯಾಹ್ನ ಊಟ ಆದಮೇಲೆ ಡೇಟಾ ತೆಗೆದುಕೊಡುವ ಒಂದು ಅಂಗಡಿಗೆ ಹೋದೆ, ಅವನೂ ಹಿಂದೆ ಬಂದ. ಅಂಗಡಿಯವರು ಡಿಸ್ಕಿನ ಕೆಳಗಿನ ಹಸಿರು ಬೋರ್ಡ್ ನೋಡಿದರು. ಬೋರ್ಡ್ ಬದಲಾಯಿಸಿದರೆ ಸಾಲದು, ಹಳೇ ಬೋರ್ಡಿನಲ್ಲಿ ಆ ಡಿಸ್ಕಿಗೇ ಸೇರಿದ ಮಾಹಿತಿ ಇರುವ ಒಂದು ಚಿಪ್ ಇರುತ್ತದೆ, ಅದನ್ನು ಕಿತ್ತು ಹೊಸ ಬೋರ್ಡಿಗೆ ಕೂರಿಸಬೇಕು ಅಂದರು. ಒಳಗೂ ಪೆಟ್ಟು ಬಿದ್ದಿದ್ದರೆ ಇನ್ನೂ ಕಷ್ಟ. 20 ಸಾವಿರ ಆಗಬಹುದು, ಬರುತ್ತದೆ ಅಂತ ಗ್ಯಾರಂಟಿ ಕೊಡೋಲ್ಲ.

ಹೊರಗೆ ಬಂದು ಟೀ ಕುಡಿದೆವು. ಗಣೆ ಅಜ್ಜನ ವಿಷಯ ಹುಡುಗನಿಗೆ ಗೊತ್ತು, ಅವತ್ತು ಶೂಟಿಂಗ್‌ಗೆ ಲೈಟ್ ಹಿಡಿದವನು ಅವನೇ, ಆಗಿನ್ನೂ ಹೈಸ್ಕೂಲು. ಲೋಟ ಕೆಳಗಿಟ್ಟು ಹೇಳಿದ, "ಚಿಕ್ಕಪ್ಪ, ಕಾರ್ಡ್ ಈಗ ಬೇಡ ಬಿಡು. ಪ್ರೊಸೆಸರ್‌ದೇ ಗ್ರಾಫಿಕ್ಸ್ ಐತಲ್ಲ, ನೀನೇ ಹೇಳಿದ್ದೆ. ಅದ್ರಲ್ಲೇ ನಡೆಸೋಣ."

ನನಗೆ ತಕ್ಷಣ ಉತ್ತರ ಬರಲಿಲ್ಲ. ಕಾರ್ಡ್ 29,500. ಬಿಟ್ಟರೆ ಡಿಸ್ಕಿನ ಖರ್ಚು ಹುಟ್ಟುತ್ತಿತ್ತು. ಆದರೆ ಆ ದುಡ್ಡಿನಲ್ಲಿ ಅತ್ತಿಗೆಯ ಸಂಘದ ಸಾಲವೂ ಇತ್ತು, ವಾರ ವಾರ ಕಂತು ಕಟ್ಟಬೇಕು. ಕಾರ್ಡ್ ಇಲ್ಲದೆ ನಾಲ್ಕು ಗಂಟೆಯ ಮದುವೆ ವಿಡಿಯೊ ಎಡಿಟ್ ಮಾಡುವುದು ಎತ್ತಿಲ್ಲದ ಗಾಡಿ ಎಳೆದ ಹಾಗೆ. ಬರುತ್ತೋ ಇಲ್ಲವೋ ಗೊತ್ತಿಲ್ಲದ ಮೂರು ಗಂಟೆಗಾಗಿ ಅವರ ದುಡ್ಡನ್ನು ಪಣಕ್ಕಿಡುವ ಹಕ್ಕು ನನಗಿದೆ ಅನ್ನಿಸಲಿಲ್ಲ. ಕಾರ್ಡ್ ತೆಗೆದುಕೊಂಡೆವು. ಹುಡುಗ ಅಂಗಡಿಯಲ್ಲಿ ಅದರ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡ, ಆದರೆ ನಾನು ಅಂದುಕೊಂಡಷ್ಟು ಖುಷಿ ಪಡಲಿಲ್ಲ.

ಜೋಡಿಸಿ, ಆನ್ ಮಾಡಿ ತೋರಿಸಿಕೊಂಡ ಮೇಲೆ ಗ್ರಾಫಿಕ್ಸ್ ಕಾರ್ಡನ್ನು ಮತ್ತೆ ಬಿಚ್ಚಿಸಿ ಪೆಟ್ಟಿಗೆಗೆ ಹಾಕಿಸಿದೆ. ಭಾರದ ಕಾರ್ಡು, ಬಸ್ಸಿನ ಕುಲುಕಾಟಕ್ಕೆ ಸ್ಲಾಟ್ ಮುರಿಯಬಹುದು. ಅವನ ತೊಡೆ ಮೇಲೆ ಕ್ಯಾಬಿನೆಟ್, ನನ್ನ ತೊಡೆ ಮೇಲೆ ಮಾನಿಟರ್. ಸಿರಾ ದಾಟುವ ತನಕ ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಮನೆಯಲ್ಲಿ ಆನ್ ಮಾಡಿ ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಂ ಅಂತು. ಬೆಂಗಳೂರಲ್ಲಿ ಹೀಗಾಗಿರಲಿಲ್ಲ. ಊರಿನ ವೈರಿಂಗ್ ಮಾಡುವವರು ಬಂದು ಟೆಸ್ಟರ್ ಇಟ್ಟು ನಕ್ಕರು. ಮನೆಗೆ ಅರ್ಥಿಂಗೇ ಇಲ್ಲ! ಮೂರು ಪಿನ್ನಿನ ಸಾಕೆಟ್ ಇದೆ, ಮೂರನೆಯ ತೂತಿಗೆ ವೈರೇ ಎಳೆದಿಲ್ಲ. ಒಳ್ಳೆಯ ಎಸ್‌ಎಂಪಿಎಸ್ ಸ್ವಲ್ಪ ಕರೆಂಟನ್ನು ನೆಲಕ್ಕೆ ಬಿಡುವ ಹಾಗೆ ಮಾಡಿರುತ್ತಾರೆ. ನೆಲಕ್ಕೆ ದಾರಿ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನಲ್ಲೇ ನಿಲ್ಲುತ್ತದೆ. ನನ್ನ ಹಳೇ ಕಂಪ್ಯೂಟರೂ ಇದೇ ಸಾಕೆಟ್ಟಿನಲ್ಲಿ ಮೂರು ವರ್ಷ ಓಡಿತ್ತು. ಬಚ್ಚಲ ಹಿಂದೆ ಗುಂಡಿ ತೋಡಿ, ಜಿಐ ಪೈಪ್ ನಿಲ್ಲಿಸಿ, ಸುತ್ತ ಇದ್ದಿಲು ಮತ್ತು ಕಲ್ಲುಪ್ಪು ಹಾಕಿ ವೈರ್ ಎಳೆದರು. ಕೂಲಿ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು. 95 ಸಾವಿರದ ಲೆಕ್ಕದಲ್ಲಿ ಇದನ್ನು ನಾವು ಬರೆದೇ ಇರಲಿಲ್ಲ.

ಯುಪಿಎಸ್ ವಿಷಯ ಒಂದೇ ಮಾತು. ಅದರ ಮೇಲೆ ಬರೆದಿರುವ ವಿಎ ಬೇರೆ, ವ್ಯಾಟ್ ಬೇರೆ. ನಮ್ಮದು 1000 ವಿಎ, ಆದರೆ 600 ವ್ಯಾಟ್. ಕರೆಂಟ್ ಹೋದರೆ ಸೇವ್ ಮಾಡಿ ಆಫ್ ಮಾಡುವಷ್ಟು ಸಮಯ ಸಿಗುತ್ತದೆ, ಗೇಮ್ ಮುಗಿಸುವಷ್ಟಲ್ಲ.

ಮೇ 10ರ ಮತದಾನ, 13ರ ಎಣಿಕೆ ಎರಡೂ ಕಂಪ್ಯೂಟರಿನಲ್ಲೇ ಎಡಿಟ್ ಆಗಿ ಹೋದವು. ಆ ಬೇಸಿಗೆಯಲ್ಲಿ ಏಳು ಮದುವೆ ಮಾಡಿದೆ, ಎಡಿಟಿಂಗ್ ಎಲ್ಲ ನನ್ನದೇ. ಹುಡುಗ ರಾತ್ರಿ ಹತ್ತರ ಮೇಲೆ ಗೇಮ್ ಆಡುತ್ತಾನೆ, ಆಗ ವೋಲ್ಟೇಜ್ ನಿಲ್ಲುತ್ತದೆ. ಮೊಬೈಲಿನಲ್ಲಿ ತೆಗೆದ ವಿಡಿಯೊದಲ್ಲಿ ದನಿ ಹಿಂದೆ ಮುಂದೆ ಆಗುವುದನ್ನು ಸರಿ ಮಾಡೋದು ಅವನೇ ಕಲಿತು ನನಗೆ ಕಲಿಸಿದ.

ಸುಟ್ಟ ಡಿಸ್ಕ್ ಟ್ರಂಕಿನಲ್ಲಿ ಹೊಸ ಡಿಸ್ಕಿನ ಪಕ್ಕದಲ್ಲೇ ಇದೆ. ಅದರ ಹೆಸರಲ್ಲಿ ಪ್ರತಿ ಮದುವೆಗೆ 500 ರೂಪಾಯಿ ಎತ್ತಿಡುತ್ತಿದ್ದೇನೆ. ಅಜ್ಜನ ಮಗ ಸಂತೆಯಲ್ಲಿ ಸಿಕ್ಕಾಗ ಈಗ ಸುಳ್ಳು ಹೇಳುವುದಿಲ್ಲ, ಹೀಗಾಗಿದೆ ಅಂತ ಹೇಳಿಬಿಟ್ಟಿದ್ದೇನೆ. ಅವರು ತಮ್ಮ ಮೊಬೈಲಿನಲ್ಲಿದ್ದ 40 ಸೆಕೆಂಡಿನ ಒಂದು ತುಣುಕು ಕಳಿಸಿದರು. ಗಣೆ ಸದ್ದಿಗಿಂತ ಕುರಿ ಸದ್ದೇ ಜಾಸ್ತಿ. ಅದನ್ನು ಎರಡೂ ಡಿಸ್ಕಿಗೆ ಹಾಕಿದ್ದೇನೆ.

ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಬಾರದು ಅಂತ ವೈರಿಂಗ್‌ನವರು ಹೇಳಿದ್ದರು. ನಾನೂ ಹುಡುಗನೂ ಮರೆಯುತ್ತೇವೆ. ಅತ್ತಿಗೆ ಮರೆಯೋದಿಲ್ಲ. ಪಾತ್ರೆ ತೊಳೆದ ನೀರನ್ನು ದಿನಾ ಬೆಳಿಗ್ಗೆ ಅಲ್ಲೇ ಸುರಿಯುತ್ತಾರೆ.